ಬಾಟಲಿಗೆ ಅಂಟಿಸಿದ ಪಟ್ಟಿ

ಆಗಸ್ಟ್ 17
ಫುಟ್‌ಬಾಲ್ ಲೀಗಿನ ಎರಡನೇ ಪಂದ್ಯ. ಮತ್ತೆ ಬೆಂಚು. ಗ್ಲೋವ್ಸ್ ಒದ್ದೆ ಮಾಡಿ ಹಾಕಿಕೊಂಡೆ, ತೊಂಬತ್ತು ನಿಮಿಷ ಕೂತೆ, ಬಿಚ್ಚಿದೆ. ಮೂವತ್ತೇಳು ವರ್ಷದ ಎರಡನೇ ಕೀಪರ್‌ಗೆ ಇನ್ನೇನು ಕೆಲಸ. ಹಾಂ, ಒಂದಿದೆ — ಪಟ್ಟಿ. ಎದುರು ತಂಡದಲ್ಲಿ ಪೆನಾಲ್ಟಿ ಹೊಡೆಯುವವರು ಯಾರು, ಯಾವ ಕಡೆ ಹೊಡೆಯುತ್ತಾರೆ ಎಂದು ಬಿಳಿ ಟೇಪಿನ ಮೇಲೆ ಬರೆದು ಮೊದಲ ಕೀಪರ್‌ನ ನೀರಿನ ಬಾಟಲಿಗೆ ಅಂಟಿಸುವುದು. ನಿಯಮ ಒಂದೇ: ಎಡ ಎಂದರೆ ಕೀಪರ್‌ನ ಎಡ. ವಿಡಿಯೋ ಮಾತ್ರ ಹೊಡೆಯುವವನ ಬೆನ್ನ ಹಿಂದಿನಿಂದ ಇರುತ್ತದೆ. ಆದ್ದರಿಂದ ಕಂಡದ್ದನ್ನು ಮಗುಚಿ ಬರೆಯಬೇಕು. ಹನ್ನೆರಡು ವರ್ಷದಿಂದ ಮಗುಚುತ್ತಿದ್ದೇನೆ.

ಅಕ್ಟೋಬರ್ 5
ಏಣಿ ಇವತ್ತು ಪೆನಾಲ್ಟಿ ಹಿಡಿದ. ಏಣಿ ಎಂದರೆ ನಮ್ಮ ಮೊದಲ ಕೀಪರ್, ಆರಡಿ ಐದಂಗುಲ. ಪಂದ್ಯ ಮುಗಿದದ್ದೇ ಓಡಿಬಂದು ನನ್ನನ್ನು ಎತ್ತಿಕೊಂಡುಬಿಟ್ಟ. "ಅಣ್ಣಾ, ಹಿಡಿದಿದ್ದು ನಾನಲ್ಲ, ನಿನ್ನ ಪಟ್ಟಿ!" ಪತ್ರಿಕೆಯವರ ಮುಂದೆಯೂ ಅದೇ ಹೇಳಿದ, ಪುಣ್ಯಾತ್ಮ.
ಖುಷಿಯಾಗಬೇಕಿತ್ತು. ಆಗಲಿಲ್ಲ. ಹೊಟ್ಟೆಕಿಚ್ಚೂ ಆಗಲಿಲ್ಲ. ಹಲ್ಲಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಹಾಗೆ.

ಅಕ್ಟೋಬರ್ 6
ಹೆಂಡತಿ ಮೂರು ಸಲ ಏನೋ ಕೇಳಿದಳಂತೆ. "ಹೂಂ ಅನ್ನೋದು ಬಿಟ್ಟು ಬೇರೆ ಮಾತೇ ಬರಲ್ವಾ ನಿಮಗೆ? ಆ ಬೆಂಚನ್ನೇ ಕಟ್ಕೋಬೇಕಿತ್ತು, ಅದೂ ಮಾತಾಡಲ್ಲ."
ಹೂಂ ಎಂದೆ.

ಫೆಬ್ರವರಿ 22
ಸತತ ಐದನೇ ಸೋಲು. ಹದಿನಾಲ್ಕು ತಂಡಗಳಲ್ಲಿ ಹನ್ನೆರಡನೆಯವರು. ಕೊನೆಯ ಎರಡು ತಂಡ ಕೆಳಗಿನ ದರ್ಜೆಗೆ. ಡ್ರೆಸ್ಸಿಂಗ್ ರೂಮಿನಲ್ಲಿ ಶವರ್ ಒಂದು ಸೋರುತ್ತಿತ್ತು… ಅದನ್ನೇ ಎಲ್ಲರೂ ಕೇಳಿಸಿಕೊಂಡೆವು.

ಮೇ 14, ಬೆಳಿಗ್ಗೆ 11
ಕೋಚ್ ಕರೆದರು. ಕಿಟಕಿ ನೋಡುತ್ತಾ ಹೇಳಿದರು. "ಮುಂದಿನ ಸಲ ಆಟಗಾರನಾಗಿ ನಿನ್ನ ಇಟ್ಕೊಳಕ್ಕಾಗಲ್ಲ ಕಣಯ್ಯಾ. ಕೀಪರ್‌ಗಳಿಗೆ ಕಲಿಸೋ ಕೆಲಸ ಏನಾದ್ರೂ… ನೋಡೋಣ." ಹೂಂ ಎಂದೆ. ಹತ್ತೊಂಬತ್ತು ವರ್ಷ ಒಂದು 'ಹೂಂ'ನಲ್ಲಿ ಮುಗಿಯಿತು.

ಅದೇ ದಿನ, ಮಧ್ಯಾಹ್ನ
ಭಾನುವಾರ ಕೊನೆಯ ಪಂದ್ಯ. ಡ್ರಾ ಆದರೂ ಸಾಕು, ಉಳಿಯುತ್ತೇವೆ. ವಿಡಿಯೋ ನೋಡಿದೆ. ಅವರ ಒಂಬತ್ತನೇ ನಂಬರಿನವನು ಏಳು ಪೆನಾಲ್ಟಿ ಹೊಡೆದಿದ್ದಾನೆ, ಏಳೂ ಪರದೆಯ ಎಡಕ್ಕೆ, ನೆಲ ಸವರಿಕೊಂಡು. ಇಷ್ಟು ಸಲೀಸಾದ ಪಟ್ಟಿ ಈ ವರ್ಷ ಬರೆದಿರಲಿಲ್ಲ. ಟೇಪು ಕತ್ತರಿಸಿದೆ. 9 — ಎಡ, ಕೆಳಗೆ.

ಮೇ 17
2–1. ಇಳಿದೆವು.

ಮೇ 19
ಬರೆದುಬಿಡಬೇಕು.
ಎಂಬತ್ತನಾಲ್ಕನೇ ನಿಮಿಷ, 1–1. ಅವರಿಗೆ ಪೆನಾಲ್ಟಿ. ನಮ್ಮವರು ರೆಫರಿಯನ್ನು ಮುತ್ತಿಕೊಂಡರು. ಏಣಿ ಬಾಟಲಿ ಎತ್ತಿ ಪಟ್ಟಿ ನೋಡಿದ. ಆಗ ಹೊಳೆಯಿತು. ಮಗುಚಿಲ್ಲ. ಕಂಡದ್ದನ್ನು ಕಂಡ ಹಾಗೇ ಬರೆದಿದ್ದೇನೆ.
ಸಮಯವಿತ್ತು. ಒಂದು ನಿಮಿಷವಾದರೂ ಇತ್ತು. ಗೆರೆಯುದ್ದಕ್ಕೂ ಓಡಿ ಗಂಟಲು ಹರಿಯುವಂತೆ 'ಬಲಕ್ಕೆ' ಎಂದು ಕೂಗಬಹುದಿತ್ತು. ಏಣಿ ಬೆಂಚಿನ ಕಡೆ ತಿರುಗಿ ಹೆಬ್ಬೆರಳು ಎತ್ತಿದ. ನಾನೂ ಎತ್ತಿದೆ.
ಅವನು ಎಡಕ್ಕೆ ಹಾರಿದ. ಚೆಂಡು ಬಲಕ್ಕೆ ಹೋಯಿತು.
ಒಳಗೆ ಬಂದ ಮೇಲೆ ಕೋಚ್ ಗುಡುಗಿದರು. "ಪಟ್ಟಿ ಎಲ್ಲಿ?" ಏಣಿ ತಲೆ ಎತ್ತಲಿಲ್ಲ. "ಒದ್ದೆಯಾಗಿ ಕಿತ್ಕೊಂಡು ಹೋಯ್ತು ಸಾರ್. ಪಟ್ಟಿ ಸರಿಯಾಗೇ ಇತ್ತು. ಅವನ ಕಾಲು ನೋಡಿ ನಾನೇ ಮನಸ್ಸು ಬದಲಾಯಿಸ್ದೆ." ನಾನು ಶೂ ಲೇಸ್ ಬಿಚ್ಚುತ್ತಿದ್ದೆ. ಬಿಚ್ಚುತ್ತಲೇ ಇದ್ದೆ.
ಯಾಕೆ ಕೂಗಲಿಲ್ಲ? ಅವನ ಮೇಲೆ ಸಿಟ್ಟಿರಲಿಲ್ಲ. ದೇವರಾಣೆಗೂ ಇರಲಿಲ್ಲ. ಅಥವಾ ಇತ್ತೋ…

ಮೇ 23
ಏಣಿಯನ್ನು ತಂಡದಿಂದ ಕೈಬಿಟ್ಟಿದ್ದಾರೆ. 'ಕೈಲಿದ್ದ ಡ್ರಾ ಕೈಚೆಲ್ಲಿದ ಕೀಪರ್' — ಪತ್ರಿಕೆಯಲ್ಲಿ ಫೋಟೋ ಸಮೇತ. ಅವನ ಮನೆ ಗೋಡೆ ಮೇಲೆ ಯಾರೋ ಬಾಯಿಗೆ ಬಂದದ್ದು ಗೀಚಿದ್ದಾರಂತೆ. ನನಗೆ ಕಾಗದ ಬಂದಿದೆ: ಕೀಪರ್‌ಗಳ ತರಬೇತುದಾರನ ಕೆಲಸ. 'ವರ್ಷವಿಡೀ ನಿಮ್ಮ ಪಟ್ಟಿಗಳು ನಿಖರವಾಗಿದ್ದುದನ್ನು ಗಮನಿಸಿ…'
"ಈಗಲಾದ್ರೂ ನಗಬಾರ್ದಾ?" ಎಂದಳು ಹೆಂಡತಿ. ನಕ್ಕೆ. ಅವಳು ಹೆದರಿದಳು.

ಮೇ 28
ಏಣಿ ಲಾಕರ್ ಖಾಲಿ ಮಾಡಲು ಬಂದಿದ್ದ. ತನ್ನ ಗ್ಲೋವ್ಸ್ ನನ್ನ ಮಡಿಲಿಗೆ ಹಾಕಿದ.
"ಇಟ್ಕೋ ಅಣ್ಣಾ. ನಿಂದು ಸವೆದು ಚಿಂದಿಯಾಗಿದೆ."
"ನಿನಗೆ?"
"ಸದ್ಯಕ್ಕೆ ನನ್ನ ಯಾರೂ ಕರೆದಿಲ್ಲ. ಬಿಡು, ಚೆನ್ನಾಗಿ ಕಲಿಸು."
ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಹೋದ. ಅವನು ಹೋದ ಮೇಲೆ ಗ್ಲೋವ್ಸ್ ಹಾಕಿಕೊಂಡೆ. ಎಡಗೈಯ ಹೆಬ್ಬೆರಳಿಗೆ ಏನೋ ತಡೆಯಿತು. ಬಿಳಿ ಟೇಪು, ನಾಲ್ಕು ಮಡಿಕೆ. ಒದ್ದೆಯಾಗಿರಲೇ ಇಲ್ಲ. ಶಾಯಿ ಸ್ವಲ್ಪವೂ ಹರಡಿಲ್ಲ. 9 — ಎಡ, ಕೆಳಗೆ. ನನ್ನದೇ ಅಕ್ಷರ.
ಅಲ್ಲೇ ಕೂತು ಅತ್ತೆ. ಈ ವರ್ಷ ಮೊದಲ ಸಲ.

ಮೇ 29, ಬೆಳಿಗ್ಗೆ 9:40
ಆಫೀಸಿನ ಹೊರಗೆ ಕುರ್ಚಿ. ಒಳಗೆ ಕೋಚ್, ಮ್ಯಾನೇಜರ್. ಸಹಿ ಹಾಕಲು ಕರೆದಿದ್ದಾರೆ. ಟೇಪು ಜೇಬಿನಲ್ಲಿದೆ. ಇವರ ಮುಂದೆ ಮತ್ತೆ 'ಹೂಂ' ಎಂದುಬಿಡುತ್ತೇನೆ, ಗೊತ್ತು — ಬರೆದುಕೊಂಡೇ ಹೋಗುತ್ತೇನೆ. ಮೊದಲನೇ ಮಾತು: ಏಣಿಯದ್ದು ತಪ್ಪಿಲ್ಲ, ಪಟ್ಟಿಯೇ ತಪ್ಪು, ತಗೊಳ್ಳಿ ನೋಡಿ. ಇದು ಅವನಿಗೂ ಗೊತ್ತು. ಎರಡನೆಯದು ಅವನಿಗೂ ಗೊತ್ತಿಲ್ಲ. ಅವನು ಹೆಬ್ಬೆರಳು ಎತ್ತುವ ಮೊದಲೇ ನನಗೆ ಗೊತ್ತಾಗಿತ್ತು. ಕರೆಯುತ್ತಿದ್ದಾರೆ.