ಬಿಗಿದು ಕಟ್ಟಿದ ಹಳೆಯ ಸೀರೆ

ಸಿಂಧನೂರು, ಆಸ್ಪತ್ರೆಯಿಂದ
ಬುಧವಾರ, 12 ನವೆಂಬರ್ 2025

ಪ್ರೀತಿಯ ಮೊಮ್ಮಗಳು ಅನುಪಮಾಗೆ,

ಆರಾಮಿದ್ದೀಯಾ? ಲಿಂಗಸೂಗೂರಿನಲ್ಲಿ ಡ್ಯೂಟಿ ಮುಗಿಸಿ ಉಣ್ಣದೆ ಮಲಗುತ್ತೀಯೆಂದು ನಿನ್ನ ಗೆಳತಿ ಹುಸ್ನಾ ಹೇಳಿದಳು. ಊರವರಿಗೆಲ್ಲ ಗ್ಲುಕೋಸ್ ಹಚ್ಚುವ ನರ್ಸಮ್ಮ ತಾನೊಂದು ರೊಟ್ಟಿ ತಿನ್ನಬಾರದೇ? ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ಅಕ್ಷರ ನೋಡಿ ನಗಬೇಡ. ಇದು ಬಾಣಂತಿಯರ ಹೊಟ್ಟೆಗೆ ಬಟ್ಟೆ ಕಟ್ಟಿದ ಕೈ, ಪೆನ್ನು ಹಿಡಿದದ್ದು ಕಡಿಮೆ.

ನಿಮ್ಮಪ್ಪನ ಆಪರೇಷನ್ ನಾಳೆ ಬೆಳಿಗ್ಗೆ. ಕರುಳಿನ ಕ್ಯಾನ್ಸರ್ ತೆಗೆದು, ಮಲ ಹೊರಬರಲು ಹೊಟ್ಟೆಗೆ ಕಿಂಡಿ ಮಾಡಿ ಚೀಲ ಅಂಟಿಸಿ ಮೂರು ವರ್ಷವಾಯಿತಲ್ಲ, ಆ ಕಿಂಡಿಯ ಸುತ್ತಲಿನ ಉಬ್ಬು ಈಗ ಕಲ್ಲಂಗಡಿಯಷ್ಟಾಗಿದೆ. ಕರುಳನ್ನು ಒಳಗೆ ಸೇರಿಸಿ, ಬಲೆಯಂಥ ಜಾಳಿಗೆ ಹೊಲಿದು, ಕಿಂಡಿಯನ್ನು ಬಲಗಡೆಗೆ ಸರಿಸುತ್ತಾರಂತೆ. ಎದೆ ದುರ್ಬಲ, ಏನೂ ಹೇಳಲಾಗದು ಎಂದು ಡಾಕ್ಟರು ನನ್ನ ಮುಖ ನೋಡದೆ ಹೇಳಿದರು. ನಿಮ್ಮಪ್ಪನೋ, ಪಕ್ಕದ ಹಾಸಿಗೆಯವನಿಗೆ "ಲೇ ಆಸೀಫಾ, ದಿನಾ ತುಂಬ್ಯಾವ, ನಾಳೆ ಹಡೀತೀನಿ. ತೊಟ್ಲಾ ತಂದಿಡು" ಎಂದು ನಗಿಸುತ್ತಾನೆ. ಆದರೆ ಬಿಳಿ ಬಟ್ಟೆಯ ನರ್ಸು ಬಾಗಿಲಿಗೆ ಬಂದಾಗಲೆಲ್ಲ ತಲೆ ಎತ್ತಿ ನೋಡುತ್ತಾನೆ.

ಹೋದ ತಿಂಗಳು ಮಸ್ಕಿಯ ಮದುವೆಯಿಂದ ಬರುವಾಗ ಬಸ್ಸಿನಲ್ಲೇ ವಾಂತಿ ಮಾಡಿ ಬಿದ್ದನಲ್ಲ. ಹೊಟ್ಟೆಗೆ ಬಿಗಿದ ಬಟ್ಟೆ ಕಿಂಡಿಯನ್ನು ಮುಚ್ಚಿತ್ತು. ಓಡಿ ಬಂದ ನೀನು, "ತೂತಿರೋ ಬೆಲ್ಟ್ ತಂದ್ಕೊಟ್ಟೀನಿ, ಬಟ್ಟಿ ಬಿಗೀಬ್ಯಾಡ ಅಂತ ನೂರು ಸಲ ಹೇಳೀನಿ. ಇನ್ನ ನನ್ನ ಕರೀಬ್ಯಾಡ" ಎಂದು ಹೋದೆ. ಅವನು "ತಪ್ಪಾತವ್ವಾ, ನಾನಾ ಕಟ್ಕೊಂಡೆ" ಎಂದು ತಲೆ ತಗ್ಗಿಸಿದ. ಅಂದಿನಿಂದ ಉಬ್ಬು ಇಳಿದಿಲ್ಲ.

ನನ್ನ ಉಳಿದ ಆಯುಷ್ಯ ಅವನಿಗೂ ನಿನಗೂ ಸಮಪಾಲಾಗಲಿ.

ನಿನ್ನ ಅಜ್ಜಿ,
ಗದ್ದೆಮ್ಮ

ತಾ.ಕ.: ಪತ್ರ ಒಯ್ಯಲು ಬಸ್ ಡ್ರೈವರ್ ಶೇಕ್ಷಾವಲಿ ಬಾಗಿಲಲ್ಲಿ ಕಾಯುತ್ತಿದ್ದಾನೆ. ಅಂದು ಆ ಬಟ್ಟೆ ನಿಮ್ಮಪ್ಪ ಕಟ್ಟಿಕೊಳ್ಳಲಿಲ್ಲ. ನಾನು ಕಟ್ಟಿದೆ. ನಮ್ಮೂರು ವಳಕಮದಿನ್ನಿಯಲ್ಲಿ ನನ್ನಿಂದ ಹೊಟ್ಟೆ ಕಟ್ಟಿಸಿಕೊಳ್ಳದ ಬಾಣಂತಿ ಇಲ್ಲ. ಹಳೆಯ ಸೀರೆ ಬಿಗಿದರೆ ಎಂಥ ಹೊಟ್ಟೆಯೂ ಒಳಗೆ ಹೋಗುತ್ತದೆಂಬ ಜಂಬ ನನಗೆ. ಮದುವೆಯಲ್ಲಿ ಜನ ನನ್ನ ಮಗನನ್ನು ನೋಡಿ ನಗಬಾರದೆಂದು ಬೆಲ್ಟು ಬಿಚ್ಚಿಸಿ, ಮೊಣಕಾಲೂರಿ ಎಳೆದು ಕಟ್ಟಿದೆ. "ನೋಯ್ತದವ್ವಾ" ಎಂದ. "ನೋಯಲಿ, ಅಂದ್ರನ ಒಳಗ ಹೋಗ್ತದ" ಎಂದೆ. ನಿನಗೆ ಹೇಳಲು ಹೊರಟಾಗ, "ಮಗಳ ಸಿಟ್ಟು ನಾ ತಡಕೊಂತೀನಿ. ನಿನ್ನ ಕೈಲಿ ಆಗಂಗಿಲ್ಲ" ಎಂದು ಬಾಯಿ ಮುಚ್ಚಿಸಿದ. ನಾಳೆ ಎಂಟಕ್ಕೆ ಅವನನ್ನು ಒಳಗೆ ಒಯ್ಯುತ್ತಾರೆ. ಮೊದಲ ಬಸ್ಸಿಗೆ ಬಾ. ನನ್ನೊಡನೆ ಮಾತಾಡದಿದ್ದರೂ ಸರಿ, ಅವನು ತಲೆ ಎತ್ತಿದಾಗ ಬಾಗಿಲಲ್ಲಿ ನೀನಿರು.