ಅಧಿಕಾರವಿಲ್ಲದ ಕುರ್ಚಿ

ಮಾರ್ಚ್ 4, ಸೋಮವಾರ

ಈ ಕಥೆ ಮೊದಲು ಹೇಳಿದ್ದು ಹೊಲಿಗೆ ವಿಭಾಗದ ಹಿರಿಯಾಕೆ, ನಮ್ಮೆಲ್ಲರ ಹೊಲಿಗೆ ಅತ್ತೆ. ಇವತ್ತು, ಊಟದ ಬಿಡುವಿನಲ್ಲಿ, ಹರಿದ ಬೆಡ್‌ಶೀಟಿಗೆ ತೇಪೆ ಹಾಕುತ್ತಾ. ಆಸ್ಪತ್ರೆ ಲಾಂಡ್ರಿಯ ನಾವು ಎಂಟತ್ತು ಜನ ಸುತ್ತ ಕೂತಿದ್ದೆವು.

ಒಂದೂರು. ಇಬ್ಬರು ಅಣ್ಣತಮ್ಮಂದಿರು. ಒಂದು ವರ್ಷ ಅಣ್ಣ ರಾಜ, ಒಂದು ವರ್ಷ ತಮ್ಮ. ಯಾರು ಆಳಿದರೂ ರಾಗಿ ಬೀಸೋದು ತಪ್ಪಲಿಲ್ಲ. ಜನ ಬೇಸತ್ತು ಬಾಗಿಲು ಹಾಕಿಕೊಂಡರು. ಕೊನೆಗೆ ಕೋಟೆ ಬಾಗಿಲು ಕಾಯುವ ಮುದುಕಿಯನ್ನು ಪಟ್ಟಕ್ಕೆ ಕೂರಿಸಿದರು. ಕತ್ತಿ ಇಲ್ಲ, ಅಪ್ಪಣೆ ಕೊಡುವ ಹಾಗಿಲ್ಲ. ಊರೆಲ್ಲ ನೋಡುವಾಗ ಒಂದೇ ಪ್ರಶ್ನೆ — "ಏನ್ ಮಾಡಿದ್ರಪ್ಪ ನಿನ್ನೆ?" ಅಣ್ಣತಮ್ಮಂದಿರು ನಿಂತು ಹೇಳಬೇಕು.

"ಅಷ್ಟೇನಾ?" ಅಂದ ಮೆಷಿನ್ ಭಾವ. ಒಗೆಯುವ ಮೆಷಿನ್ ನಡೆಸುವವನಿಗೆ ನಾವಿಟ್ಟ ಹೆಸರು ಅದು.

"ಸಾಲ್ದೇನೋ? ನಿನ್ ಹೆಂಡ್ತಿ ದಿನಾ ಕೇಳೋದು ಇನ್ನೇನು?"

ಭಾವನ ಮುಖ ನೋಡಬೇಕಿತ್ತು!

ಮಾರ್ಚ್ 5, ಸಂಜೆ

ನಮ್ಮ ಸಂಘದಲ್ಲೂ ಎರಡು ಬಣ — ಒಗೆತದವರು, ಇಸ್ತ್ರಿಯವರು. ಗೆದ್ದವರು ಆಮೇಲೆ ಮುಖ ತೋರಿಸುವುದಿಲ್ಲ. ಕಳೆದ ಸಲ 212 ಜನರಲ್ಲಿ 61 ವೋಟು. ಗುರುವಾರದ ಚುನಾವಣೆಯಲ್ಲಿ ಅರ್ಧದಷ್ಟೂ ವೋಟು ಬೀಳದಿದ್ದರೆ ಆಸ್ಪತ್ರೆಯ ಒಪ್ಪಂದದಂತೆ ಸಂಘ ರದ್ದು. ಸಂಘ ನಡೆಸುವ ಮಕ್ಕಳ ಕೋಣೆ ಗೋದಾಮಾಗುತ್ತದೆ. ನನ್ನ ಮೊಮ್ಮಗಳು ಹಗಲೆಲ್ಲ ಇರುವುದು ಅಲ್ಲೇ. ಮುಚ್ಚಿದರೆ ಮಗಳು ಕೆಲಸ ಬಿಡಬೇಕು...

ಚುನಾವಣಾಧಿಕಾರಿ ನಾನು. ಎರಡೂ ಬಣ ಕೂರಿಸಿ ಹೇಳಿದೆ — ಕಾರ್ಯದರ್ಶಿ ನಿಮ್ಮವರೇ ಆಗಲಿ. ಮೇಲೊಂದು ಕುರ್ಚಿ ಇಡೋಣ, ಅಧಿಕಾರ ಇಲ್ಲದ್ದು. ಅದರಲ್ಲಿ ಅತ್ತೆ, ಕಥೆಯ ಮುದುಕಿಯ ಹಾಗೆ ಪ್ರಶ್ನೆ ಕೇಳೋಕೆ. ಜನ ಹೌದು, ಬೇಡ ಅಂತ ಹಾಕಲಿ.

"ಅಧಿಕಾರ ಇಲ್ವಲ್ಲ, ನಮ್ಗೇನ್ ನಷ್ಟ?" ಅಂದರು.

ಮಾರ್ಚ್ 7, ಗುರುವಾರ, ಸಂಜೆ 5

118 ಜನ ಬಂದರು! ಗೆದ್ದೆವು.

5.40

ಕೆಟ್ಟೆ. ಮತಪೆಟ್ಟಿಗೆ ಇಲ್ಲವೆಂದು ವೋಟಿನ ಚೀಟಿಗಳನ್ನು ಬಿಳಿ ಬಟ್ಟೆಚೀಲಕ್ಕೆ ಹಾಕಿಸಿ, ಬಾಯಿ ಕಟ್ಟಿ, ನೆಲದ ಮೇಲಿಟ್ಟೆ. ಟೀ ಕುಡಿಯಲು ಹೋದೆ. ಇಲ್ಲಿ ನೆಲದ ಮೇಲಿನ ಬಿಳಿ ಚೀಲ ಎಂದರೆ ಸೋಂಕಿನ ಬಟ್ಟೆ — ಬಿಚ್ಚದೆ ಮೆಷಿನ್ನಿಗೆ ಹಾಕಬೇಕು. ಭಾವ ಹಾಕಿದ. ಕುದಿನೀರು, ಬ್ಲೀಚು. ತೆಗೆದರೆ ಗಂಜಿ.

"ನೆಲದ ಮೇಲೆ ಯಾಕಿಟ್ಟೆ ಅಣ್ಣ?" ಅಂತ ಅಳುತ್ತಾನೆ ಪಾಪ. ತಪ್ಪು ನನ್ನದೇ.

ಆಸ್ಪತ್ರೆ ಮ್ಯಾನೇಜರ್: "ಶನಿವಾರ ಬೆಳಿಗ್ಗೆ ಮತ್ತೆ ಹಾಕಿಸಿ. ಆಗ್ಲಿಲ್ಲ ಅಂದ್ರೆ ಮಕ್ಕಳ ಕೋಣೆಗೆ ಬೀಗ."

ಮಾರ್ಚ್ 8, ಸಂಜೆ

"ಒಂದ್ಸಲ ಹಾಕಿದ್ದೇ ಹೆಚ್ಚು, ಹೋಗಯ್ಯ." ಯಾರನ್ನು ವೋಟಿಗೆ ಕರೆದರೂ ಇಡೀ ದಿನ ಇದೇ ಮಾತು.

ನಾಲ್ಕಕ್ಕೆ ಎರಡು ಪಾಳಿಯವರೂ ಸೇರುವ ಹೊತ್ತು. ಅತ್ತೆ ಖಾಲಿ ಟ್ರಾಲಿ ಹತ್ತಿ ನಿಂತರು. ಇನ್ನೂ ಆರಿಸಿ ಬಂದವರಲ್ಲ, ಏನೂ ಅಲ್ಲ. ನನ್ನತ್ತ ತಿರುಗಿ, "ಏನ್ ಮಾಡಿದೆಯಪ್ಪ ನಿನ್ನೆ?"

ಮುಂದೆ ಬಂದು ಹೇಳಿದೆ, "ಚೀಲ ನೆಲದ ಮೇಲಿಟ್ಟೆ. ನನ್ ತಪ್ಪು."

"ಸರಿ." ಹೋದ ಸಲ ಗೆದ್ದ ಇಸ್ತ್ರಿ ಬಣದವನಿಗೆ, "ನೀನೇನ್ ಮಾಡಿದೆಯಪ್ಪ ಹೋದ ವರ್ಷ?"

ಅವನು ತೊದಲಿದ. ದೂರಿನ ಪೆಟ್ಟಿಗೆಯ ಬೀಗ ತೆಗೆದೇ ಇಲ್ಲವಂತೆ. ಒಗೆತದವನು ನಗಲು ಹೋದ. "ಇರು, ನಿನ್ ಸರದಿ ಬಂತು!" ಅಂದರು ಅತ್ತೆ. ಕಟ್ಟಡ ಬಿರಿಯುವ ಹಾಗೆ ಚಪ್ಪಾಳೆ. ಆಮೇಲೆ ಮುದುಕಿಯ ಕಥೆ, ಮೊದಲಿಂದ ಕೊನೆವರೆಗೆ. ಒಬ್ಬರೂ ಬಸ್ಸಿಗೆ ಓಡಲಿಲ್ಲ.

ಮಾರ್ಚ್ 9, ಶನಿವಾರ, ಬೆಳಿಗ್ಗೆ 10

ಕಥೆ ಕೇಳಿದವರು ಬೆಳಿಗ್ಗೆ ಏನು ಮಾಡಿದರು ಅಂದರೆ — ಗೇಟು ತೆರೆಯುವ ಮೊದಲೇ ಬಂದು ನಿಂತರು! ರಜೆಯವರು, ಜ್ವರದವರು, ಮೂರು ಚುನಾವಣೆಯಿಂದ ಈ ಕಡೆ ತಲೆ ಹಾಕದವರು. ಸಾಲು ನೀರಿನ ಟ್ಯಾಂಕಿನವರೆಗೆ. ಈ ಸಲ ಸ್ಟೀಲ್ ಡ್ರಮ್ಮು. ಅದರ ಮೇಲೆ ಭಾವ ಕೈ ಇಟ್ಟು ಕಾವಲು.

ಮ್ಯಾನೇಜರ್ ಬೀಗ ಹಿಡಿದು ಬಂದ. ಹಿಂದಿನಿಂದ ಯಾರೋ, "ಸಾರ್, ಕ್ಯೂ ಆ ಕಡೆಯಿಂದ!"

ಒಟ್ಟು 196. ಅತ್ತೆಗೆ ಹೌದು — 189. ಕಾರ್ಯದರ್ಶಿ ಯಾರೆಂದು ಇನ್ನೂ ಎಣಿಸಬೇಕು, ಯಾರೂ ಕೇಳುತ್ತಲೇ ಇಲ್ಲ. ಅತ್ತೆಯನ್ನು ಟ್ರಾಲಿಯಲ್ಲಿ ಕೂರಿಸಿ ಮಕ್ಕಳ ಕೋಣೆಯತ್ತ ತಳ್ಳುತ್ತಿದ್ದಾರೆ. ಭಾವ ಕೂಗುತ್ತಿದ್ದಾನೆ — "ಅಣ್ಣ, ಬರೆದಿದ್ದು ಸಾಕು! ನಿನ್ ಮೊಮ್ಮಗಳು ಅತ್ತೆ ತೊಡೆ ಹತ್ತಿ ಕೂತಿದ್ದಾಳೆ, ಇಳಿಯಲ್ವಂತೆ!"

ಹೊರಟೆ. ಉಳಿದ ಚೀಟಿ ಆಮೇಲೆ ಎಣಿಸಿದರಾಯಿತು.