ತಿಕ್ಕಿದ ಬೆಳ್ಳಿ

ಜೂನ್ ೩, ಬೆಳಗ್ಗೆ

ಇವತ್ತು ಹನ್ನೊಂದು ನಾಣ್ಯಕ್ಕೆ ಕಾರ್ಡ್. ಮಾವ ಹೇಳುತ್ತಾರೆ, ನಾನು ಬರೆಯುತ್ತೇನೆ — ತೂಕ, ಅಂಚು, ಸವೆತ, ಅಸಲಿಯೋ ನಕಲಿಯೋ. ಕೊನೆಗೆ ಅವರ ಸಹಿ. ಆ ಸಹಿ ನಂಬಿಯೇ ಜನ ಹಳೇ ನಾಣ್ಯ ಕೊಳ್ಳುತ್ತಾರಂತೆ. ಈಗ ಅವರ ಕಣ್ಣಿಗೆ ಪೊರೆ, ಭೂತಗನ್ನಡಿ ಹಿಡಿದರೂ ಮಸುಕು. “ನಿನ್ನ ಕಾನ್ವೆಂಟ್ ಅಕ್ಷರ ಮುತ್ತಿನ ಹಾಗಿದೆಯಂತೆ. ಕಾಗುಣಿತ ಮಾತ್ರ ಆ ದೇವರಿಗೇ ಪ್ರೀತಿ” ಎಂದರು. ನಕ್ಕು ನಕ್ಕು ಸಾಕಾಯಿತು. ಇವರು ಅವರಪ್ಪನ ಬೆನ್ನ ಹಿಂದಿನಿಂದ ಕಣ್ಣು ಹೊಡೆದರು. ನನ್ನ ಗಂಡ. ಹಾಗೆ ಬರೆಯುವುದೇ ಎಷ್ಟು ಚೆನ್ನ. ಮದುವೆಯಾಗಿ ನಲವತ್ತೆರಡು ದಿನ. ಸೋ ಸೋ ಹ್ಯಾಪಿ.

ಜೂನ್ ೫

ಏನೂ ಅನ್ನಿಸುತ್ತಿಲ್ಲ.

ನಿನ್ನೆ ಇವರಿಗೆ ಸರ್‌ಪ್ರೈಸ್ ಕೊಡೋಣ ಅಂತ ಒಳಗಿನ ಡ್ರಾಯರ್‌ನ ಬೆಳ್ಳಿ ನಾಣ್ಯಕ್ಕೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದೆ. ಕಪ್ಪಾಗಿತ್ತು. ಫಳಫಳ ಆಯಿತು. ಅಂಗೈಯಲ್ಲಿಟ್ಟು “ಟಡಾ” ಎಂದೆ. ಇವರು ಕುರ್ಚಿ ಎಳೆದುಕೊಂಡು ಕೂತರು.

ಅದು ಕೊಳೆಯಲ್ಲವಂತೆ. ಇನ್ನೂರು ವರ್ಷದ ಗಾಳಿ ಕೂರಿಸಿದ ಬಣ್ಣ. ಹೋದರೆ ಹೋಯಿತು, ಜತೆಗೆ ಬೆಲೆಯೂ. ಮಾವನ ಅಪ್ಪ ಕೂಡಿಟ್ಟ ನಾಣ್ಯ. ಒಬ್ಬರು ಡಾಕ್ಟರು, ನಾಣ್ಯ ಕೂಡಿಡುವವರು, ಹದಿನೆಂಟನೇ ತಾರೀಕು ಅದನ್ನು ಕೊಳ್ಳಲು ಬರುತ್ತಾರೆ.

ಬೈದಿದ್ದರೆ ಅಳಬಹುದಿತ್ತು. ಬೈಯಲಿಲ್ಲ.

ಜೂನ್ ೬

ಮಾವನಿಗೆ ಹೇಳಿಬಿಡೋಣ ಎಂದೆ.

“ಬೇಡ ಕಣೇ. ಬಂದು ಎರಡು ತಿಂಗಳಾಗಿಲ್ಲ, ಆಗಲೇ ಅಪ್ಪನ ಮುಂದೆ ತಲೆ ತಗ್ಗಿಸ್ತೀಯಾ? ನಾನು ನೋಡ್ಕೋತೀನಿ. ನಿನಗೋಸ್ಕರ.”

ಆ ಮಾತಿಗೆ ಮೊನ್ನೆಯವರೆಗೆ ಮೈ ಜುಮ್ಮೆನ್ನುತ್ತಿತ್ತು.

ಜೂನ್ ೧೨

ಬೇಯಿಸಿದ ಮೊಟ್ಟೆಯ ಹಳದಿ, ಅದರ ಪಕ್ಕ ನಾಣ್ಯ, ಮೇಲೆ ಮುಚ್ಚಳ. ಮತ್ತೆ ಕಪ್ಪು ಮಾಡಲು ಇವರ ಉಪಾಯ. ಡಬ್ಬಿ ನಮ್ಮ ಬೀರುವಿನಲ್ಲಿ, ನನ್ನ ರಿಸೆಪ್ಷನ್ ಸೀರೆಯ ಹಿಂದೆ. ನಾಣ್ಯ ಕಪ್ಪಾಗುತ್ತಿದೆ. ಸೀರೆ ನಾರುತ್ತಿದೆ. ಇದಕ್ಕೆ ನಗು ಬರಬೇಕಿತ್ತು.

ಊಟದಲ್ಲಿ ಮಾವ ಉಪ್ಪು ಕಡಿಮೆಯಾ ಎಂದು ಕೇಳಿದರು. ಗೊತ್ತಾಗಲಿಲ್ಲ.

ಜೂನ್ ೧೭, ಸಂಜೆ

ಭೂತಗನ್ನಡಿಯಲ್ಲಿ ನೋಡಿದೆ. ಕಪ್ಪಿನ ಕೆಳಗೆ ಕೂದಲೆಳೆಯಷ್ಟು ಗೀರುಗಳು. ನನ್ನ ಕೈ ತಿರುಗಿದ ಹಾಗೇ, ಸುತ್ತ ಸುತ್ತ.

“ಅಪ್ಪಂಗೆ ಕಾಣಲ್ಲ. ‘ತಿಕ್ಕಿಲ್ಲ, ತೊಳೆದಿಲ್ಲ’ ಅಂತ ಬರಿ, ಅವರು ಸಹಿ ಹಾಕ್ತಾರೆ. ಡಾಕ್ಟರು ನೋಡೋದು ಸಹೀನ.”

“ಮುಂದೆ ಯಾರಾದರೂ ಕಂಡುಹಿಡಿದರೆ? ಮಾವನ ಹೆಸರು...”

“ನಾನಿಷ್ಟು ಮಾಡಿದೀನಿ. ನಿನಗೆ ಒಂದು ಸಾಲು ಬರೆಯೋಕೆ ಆಗಲ್ವಾ?”

ಜೂನ್ ೧೮, ಬೆಳಗ್ಗೆ ಹತ್ತು

ಮಾವ ನಾಣ್ಯದ ಅಂಚು ಹಿಡಿದು ತಕ್ಕಡಿಗಿಟ್ಟರು. ತೂಕ ಓದಿ ಹೇಳಿದೆ. ಬರೆದೆ. ಅಂಚು ಸರಿ. ಅಸಲಿ. ಬರೆದೆ.

“ಮೇಲೆ ಹೇಗಿದೆ ನೀನೇ ನೋಡಮ್ಮ. ಈಗ ನಿನ್ನ ಕಣ್ಣೇ ನನ್ನ ಕಣ್ಣು.”

ಹಿಂದೆ ನಿಂತಿದ್ದ ಇವರು ನನ್ನ ಭುಜ ಒತ್ತಿದರು.

“ತಿಕ್ಕಿದ್ದು, ಮಾವ. ನಾನೇ ತಿಕ್ಕಿದೆ. ಆಮೇಲೆ ಕಪ್ಪು ಮಾಡಿರೋದು.”

ರೈಲ್ವೆ ಅನೌನ್ಸ್‌ಮೆಂಟಿನ ಹಾಗಿತ್ತು ನನ್ನ ದನಿ. ಕಪ್ಪು ಮಾಡಿದ್ದು ಯಾರೆಂದು ಮಾವ ಕೇಳಲಿಲ್ಲ. ಭುಜದ ಮೇಲಿನ ಕೈ ಹೋಯಿತು. ಬಾಗಿಲ ಸದ್ದು. ಮೆಟ್ಟಿಲಿಳಿದ ಹೆಜ್ಜೆ.

ಮಾವ ತಕ್ಕಡಿ ಪಕ್ಕಕ್ಕೆ ಸರಿಸಿದರು. “ಈಗ ಹೇಳಿದೆಯಲ್ಲ, ಅಷ್ಟೂ ಬರಿ.”

ಬರೆದೆ. ಅವರ ಬೆರಳು ಹಿಡಿದು ಸಹಿಯ ಜಾಗ ತೋರಿಸಿದೆ. ಸಹಿ ನೆಟ್ಟಗೆ ಬಂತು.

ಸಂಜೆ ಆರು

ಡಾಕ್ಟರು ಕಾರ್ಡ್ ಓದಿದರು, ನಾಣ್ಯ ಕೊಳ್ಳದೆ ಹೋದರು. ಮಧ್ಯಾಹ್ನ ಮೂರು ತಟ್ಟೆ ಹಾಕಿದೆ. ಇಬ್ಬರು ಉಂಡೆವು. “ಬರ್ತಾನೆ ಬಿಡು. ಹಸಿವು ತಡೆಯೋ ಪೈಕಿ ಅಲ್ಲ” ಎಂದರು ಮಾವ.

ಈಗ ಮೆಟ್ಟಿಲ ಮೇಲೆ ಹೆಜ್ಜೆ. ಇವರದೇ. ಬಂದು ನಿಂತಿದ್ದಾರೆ, ಬೆಲ್ ಒತ್ತುತ್ತಿಲ್ಲ. ಮಾವನೂ ತಲೆ ಎತ್ತಿದರು. ನಾನೇ ಏಳಬೇಕು. ಎದ್ದು, ಬಾಗಿಲು ತೆಗೆಯುತ್ತೇನೆ.